ಒಪ್ಪಿಗೆ ಕೇಳುವ ಬಟನ್

ಭತ್ತ ಕೊಯ್ಯುವ ಮಷಿನ್‌ಗಳನ್ನು ಹೊಲಕ್ಕೆ ಹಚ್ಚಿಕೊಡುವುದು ನನ್ನ ಕೆಲಸ. ಮಷಿನ್‌ಗಳು ನನ್ನವಲ್ಲ. ಸುಗ್ಗಿ ಬಂತೆಂದರೆ ಪಂಜಾಬಿನಿಂದ, ತಮಿಳುನಾಡಿನಿಂದ ಲಾರಿಗಳ ಮೇಲೆ ಕುಳಿತು ಬರುತ್ತವೆ. ಡ್ರೈವರುಗಳಿಗೆ ನಮ್ಮ ರೈತರ ಮಾತು ತಿಳಿಯುವುದಿಲ್ಲ, ರೈತರಿಗೆ ಡ್ರೈವರುಗಳ ಮಾತು ತಿಳಿಯುವುದಿಲ್ಲ. ಇಬ್ಬರನ್ನೂ ಬೈದು ಕೆಲಸ ಮಾಡಿಸಲು ನಡುವೆ ಒಬ್ಬ ಬೇಕು. ಸಿಂಧನೂರಿನಲ್ಲಿ ಆ ಒಬ್ಬ ನಾನು, ಕರಿಬಸಪ್ಪ. ಬೇರೆ ಏಜೆಂಟರೂ ಇದ್ದಾರೆ. ಅವರು ನನ್ನಷ್ಟು ಬೈಯುವುದಿಲ್ಲ. ಅವರ ಮಷಿನ್‌ಗಳು ಹೊತ್ತಿಗೆ ಸರಿಯಾಗಿ ಹೊಲ ಮುಟ್ಟುವುದೂ ಇಲ್ಲ.

ಲಿಂಗಸುಗೂರಿನ ದಾನಿಷ್ ನನ್ನ ಆಫೀಸಿಗೆ ಒಂದು ವೆಬ್ ಪೇಜ್ ಮಾಡಿಕೊಟ್ಟಿದ್ದ. ದಾನಿಷ್ ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು, ಇಬ್ಬರು ಮಕ್ಕಳ ತಂದೆ, ಹೊಟ್ಟೆ ಬಂದಿದೆ. ರೈತನ ಹೆಸರು, ಹೊಲದ ಜಾಗ, ನಾಟಿ ಮಾಡಿದ ದಿನ, ಫೋನ್ ನಂಬರ್, ಎಲ್ಲವನ್ನೂ ಆ ಪೇಜಿನಲ್ಲಿ ತುಂಬುವುದು ನನ್ನ ಆಫೀಸಿನ ಅಂಬಿಕಾಳ ಕೆಲಸ. ಈ ಸುಗ್ಗಿಗೆ ಮುಂಚೆ ದಾನಿಷ್ ಬಂದು ಪೇಜಿನ ತಲೆಯ ಮೇಲೆ ಮೂರು ಬಣ್ಣದ ಬಟನ್ ಕೂರಿಸಿದ.

"ಇದೇನ್ಲೇ, ಸಣ್ಣ ಹುಡುಗ್ರ ಆಟದ ಸಾಮಾನ್ ಇದ್ದಂಗ ಮಾಡಿಟ್ಟಿ?" ಎಂದೆ.

"ಎಐ ಬಟನ್ ಅಣ್ಣಾ. ನೀ ಬರೇ ಒತ್ತು. ಮುಂದಿನ ಕೆಲಸ ಅದಾ ಮಾಡ್ತೈತಿ."

"ನನಗಿಂತ ಚಲೋ ಬೈತೈತೇನು?"

"ಬೈಯೋದಕ್ಕ ಬಟನ್ ಇಟ್ಟಿಲ್ಲ ಅಣ್ಣಾ. ಅದಕ್ಕ ನೀ ಅದಿ ಅಲ್ಲ."

ಅಂಬಿಕಾ ವೇಲಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅವಳ ಕಡೆ ನೋಡಿದೆ. ಅವಳು ಕಂಪ್ಯೂಟರ್ ಕಡೆ ನೋಡಿದಳು.

ಮೊದಲನೆಯ ಬಟನ್ 'ಸರದಿ ಹಾಕು'. ಅದನ್ನು ಒತ್ತಿದರೆ ಬೆಳೆಯ ವಯಸ್ಸು, ಹೊಲಗಳ ನಕ್ಷೆ, ಮಳೆಯ ಸುದ್ದಿ ಎಲ್ಲ ನೋಡಿ ಯಾವ ಹೊಲ ಮೊದಲು, ಯಾವುದು ಆಮೇಲೆ ಎಂದು ಅದೇ ಹೇಳುತ್ತದೆ. ಎರಡನೆಯದು 'ಒಪ್ಪಿಗೆ ಕೇಳು'. ಸರದಿಯಲ್ಲಿ ಬಂದ ಹೊಲದವರ ಫೋನಿಗೆ ಕನ್ನಡದಲ್ಲಿ ಸಂದೇಶ ಕಳಿಸಿ, ಬಾಯಿಬಿಟ್ಟು ಓದಿ ಹೇಳಿ, ಹೂಂ ಅಥವಾ ಉಹೂಂ ಎಂಬ ಉತ್ತರ ತರುತ್ತದೆ. ಮೂರನೆಯದು 'ಉತ್ತರ ಬರೆ'. ಯಾರಾದರೂ ಸಿಟ್ಟಿನಿಂದ ಮಾತಾಡಿ ಕಳಿಸಿದರೆ ಅದಕ್ಕೆ ಮರ್ಯಾದೆಯ ಉತ್ತರ ಬರೆದು ಮುಂದಿಡುತ್ತದೆ. ಮೂರನೆಯದು ನನಗಾಗಿಯೇ ಮಾಡಿದ್ದು ಎಂದು ದಾನಿಷ್ ಹೇಳಲಿಲ್ಲ. ನನಗೆ ತಿಳಿಯಿತು.

ನಮ್ಮ ಕಾಲುವೆ ಸೀಮೆಯಲ್ಲಿ ಮಷಿನ್ ಕೆಲಸದ ದೊಡ್ಡ ತಕರಾರು ದಾರಿಯದು. ಎಲ್ಲ ಹೊಲಗಳೂ ರಸ್ತೆಗೆ ಹತ್ತಿಲ್ಲ. ರಸ್ತೆಯ ಪಕ್ಕ ಒಂದು ಹೊಲ, ಅದರ ಹಿಂದೆ ಇನ್ನೊಂದು. ಹಿಂದಿನದನ್ನು ನಾವು ಒಳಹೊಲ ಎನ್ನುತ್ತೇವೆ. ಮನುಷ್ಯರಾದರೆ ಬದುವಿನ ಮೇಲೆ ನಡೆದು ಹೋಗುತ್ತಾರೆ. ಮಷಿನ್ ಬದುವಿನ ಮೇಲೆ ನಡೆಯುವುದಿಲ್ಲ. ಮುಂದಿನ ಹೊಲ ಕೊಯ್ದು ಬಯಲಾದರೆ ಮಾತ್ರ ಒಳಹೊಲಕ್ಕೆ ದಾರಿ. ಹೀಗಾಗಿ ಮುಂದಿನವನು ಮನಸ್ಸು ಮಾಡದಿದ್ದರೆ ಹಿಂದಿನವನ ಬೆಳೆ ನಿಂತಲ್ಲೇ ನಿಲ್ಲುತ್ತದೆ. ಮುಂದಿನವನ ಮನಸ್ಸು ಮಾಡಿಸುವುದಕ್ಕೆ ನನ್ನ ಬಾಯಿ ಇದೆ.

ಆ ದಿನ ಮಧ್ಯಾಹ್ನ ಜಂಬಮ್ಮ ಆಫೀಸಿಗೆ ಬಂದಳು. ದಢೇಸುಗೂರಿನವಳು. ಗಂಡ ಗುರುಗುಂಟಾದ ಒಂದು ಶಾಲೆಯಲ್ಲಿ ಗುಮಾಸ್ತ, ರಜೆಗೆ ಬಂದು ಹೋಗುತ್ತಾನೆ. ಹೊಲ ನೋಡುವವಳು ಇವಳೇ. ಆದರೂ ನಮ್ಮ ಪೇಜಿನಲ್ಲಿ ಬುಕಿಂಗ್ ಗಂಡನ ಹೆಸರಿನಲ್ಲಿತ್ತು. ಎಲ್ಲರದೂ ಹಾಗೆಯೇ ಇತ್ತು.

"ಕರಿಬಸಣ್ಣ, ನನ್ನ ನೆಲ್ಲು ತೆನಿ ಬಗ್ಗಿ ನೆಲ ಮುಟ್ಟಾಕತ್ತಾವು. ಆಂಧ್ರದ ಕಡಿ ಸಮುದ್ರದಾಗ ಏನೋ ಎದ್ದೈತಂತ, ನಾಡಿದ್ದಿಗೆ ಇಲ್ಲಿ ಮಳಿ ಅಂತ ಟಿವಿಯಾಗ ಹೇಳಾಕತ್ತಾರ. ಬಿದ್ದ ನೆಲ್ಲಿನ ಮ್ಯಾಲ ನೀರು ನಿಂತ್ರ ಮೊಳಕಿ ಒಡೀತಾವು. ಕೋಳಿಗಿ ಹಾಕಾಕೂ ಬರಂಗಿಲ್ಲ."

"ನಿನ್ನ ಹೊಲದ ಮುಂದ ಯಾರದ್ದು? ವಿರೂಪಾಕ್ಷಂದಲ್ಲ?"

"ಆ ಮೂಗನ್ದಾ."

ವಿರೂಪಾಕ್ಷಪ್ಪ ಮೂಗನಲ್ಲ. ಆದರೆ ಸಿಟ್ಟು ಬಂದರೆ ಕೂಗಾಡುವವನೂ ಅಲ್ಲ, ಕೈ ಎತ್ತುವವನೂ ಅಲ್ಲ. ಮಾತು ಬಿಡುತ್ತಾನೆ. ಸ್ವಂತ ತಮ್ಮನ ಜೊತೆ ಮಾತು ಬಿಟ್ಟು ತಮ್ಮನ ಮಗಳ ಮದುವೆಯೇ ಆಗಿಹೋಯಿತು, ಇವನು ಅಕ್ಷತೆಗೆ ಹೋಗಲಿಲ್ಲ. ಜಂಬಮ್ಮನ ಜೊತೆ ಮಾತು ಬಿಟ್ಟದ್ದು ಈ ಬೆಳೆಯ ನಾಟಿಯ ಹೊತ್ತಿನಲ್ಲಿ. ಆರ್.ಎಚ್. ಕ್ಯಾಂಪಿನ, ಅಂದರೆ ಬಂಗಾಳಿ ನಿರಾಶ್ರಿತರ ಊರಿನ, ನಾಟಿಯ ಗುಂಪೊಂದು ಅವನ ಹೊಲಕ್ಕೆ ಬರುವುದಿತ್ತು. ಹೊಲದಲ್ಲಿ ನೀರು ನಿಂತಿದೆ, ಒಂದು ದಿನ ನನಗೆ ಕೊಡಿ ಎಂದು ಜಂಬಮ್ಮ ಗುಂಪನ್ನು ನಡುದಾರಿಯಲ್ಲಿ ಕರೆದುಕೊಂಡಳು. ಮರುದಿನ ಗುಂಪು ಬೇರೆ ಊರಿಗೆ ಹೋಯಿತು. ವಿರೂಪಾಕ್ಷಪ್ಪನ ಸಸಿ ಮಡಿಯಲ್ಲೇ ಬಲಿತವು. ತಪ್ಪು ಇವಳದೇ. ಅದನ್ನು ಅವಳಿಗೆ ಹೇಳಿದೆ.

"ತಪ್ಪಂದ್ರ ತಪ್ಪು. ಕಾಲಿಗಿ ಬೀಳ್ಲೇನು? ಬೀಳಾಕ ಹೋದ್ರ ಹೊಳ್ಳಿ ನಿಂದರ್ತಾನ. ಅವನ ನೆಲ್ಲೂ ಹಣ್ಣಾಗ್ಯಾವು, ಅಣ್ಣ. ನನ್ನ ಮ್ಯಾಲಿನ ಹಟಕ್ಕ ಇನ್ನೂ ಹಸರೈತಿ, ಹಸರೈತಿ ಅನ್ನಾಕತ್ತಾನ. ಯಮನಮ್ಮ ದಿನಾ ಬದುವಿನ ಮ್ಯಾಲ ನಿಂತು ತೆನಿ ತಿಕ್ಕಿ ನೋಡ್ತಾಳ. ಏನೂ ಅನ್ನಂಗಿಲ್ಲ ಪಾಪ."

ಯಮನಮ್ಮ ವಿರೂಪಾಕ್ಷಪ್ಪನ ಹೆಂಡತಿ.

ಬೈಕ್ ತೆಗೆದುಕೊಂಡು ದಢೇಸುಗೂರಿಗೆ ಹೋದೆ. ವಿರೂಪಾಕ್ಷಪ್ಪ ಶಾವಲಿಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಕುಳಿತಿದ್ದ. ನಾನೂ ಅವನೂ ಒಂದೇ ವಾರಿಗೆಯವರು, ಒಂದೇ ಸಾಲಿಯಲ್ಲಿ ಮಾಸ್ತರರ ಬೆತ್ತ ತಿಂದವರು. ಎದುರಿಗೆ ಕುಳಿತೆ.

"ಲೇ ವಿರೂಪಾಕ್ಷಿ, ನಾಳಿ ನಿನ್ನ ಹೊಲಕ್ಕ ಮಷಿನ್ ಕಳಸ್ತೀನಿ."

"ಹಸರೈತಿ."

"ಯಾರ ಕಣ್ಣಿಗಿ?"

"ನನ್ನ ಕಣ್ಣಿಗಿ."

"ಮಳಿ ಬರಾಕತ್ತೈತಿ. ನಿನ್ನವೂ ಮಲಗ್ತಾವು, ಆಕಿನವೂ ಮಲಗ್ತಾವು."

"ಮಲಗ್ಲಿ. ಆಕಿ ಆ ಕ್ಯಾಂಪಿನವರನ್ನ ಕರದು ಎಬ್ಬಸ್ಲಿ."

ಹೋಟೆಲಿನಲ್ಲಿದ್ದವರು ನಕ್ಕರು. ನನಗೆ ಸಿಟ್ಟು ಬಂತು. ಎದ್ದು ನಿಂತು, "ಒಬ್ಬ ಹೆಣ್ಮಗಳ ಮ್ಯಾಲ ಸೇಡು ತೀರಿಸ್ಕೊಳ್ಳಾಕ ಮನಿ ಅನ್ನಕ್ಕ ಮಣ್ಣು ಹಾಕ್ತೀಯಲ್ಲಲೇ, ನೀ ಗಂಡಸೇನಲೇ?" ಎಂದೆ. ಶಾವಲಿ ಚಹಾ ಸೋಸುವುದನ್ನು ನಿಲ್ಲಿಸಿದ. ವಿರೂಪಾಕ್ಷಪ್ಪ ಮಿರ್ಚಿಯ ತೊಟ್ಟನ್ನು ಪ್ಲೇಟಿನಲ್ಲಿಟ್ಟು ಕೈ ಒರೆಸಿಕೊಂಡು ಹೊರಗೆ ಹೋದ.

ನಾಲ್ಕು ಜನರ ಮುಂದೆ ಅಂದದ್ದು ಹೆಚ್ಚಾಯಿತೆಂದು ಬೈಕ್ ಹತ್ತುವಾಗ ಅನಿಸಿತು. ಮನೆಯಲ್ಲಿ ಅಂದಿದ್ದರೆ ಒಪ್ಪುತ್ತಿದ್ದನೇನೋ. ಈಗ ಒಪ್ಪಿದರೆ ಬೈಸಿಕೊಂಡು ಒಪ್ಪಿದ ಎಂದು ಹೋಟೆಲ್ ತುಂಬ ಮಾತಾಗುತ್ತದೆ. ಜಂಬಮ್ಮನ ದಾರಿಯನ್ನು ಅವನು ಅರ್ಧ ಮುಚ್ಚಿದ್ದ, ಉಳಿದರ್ಧ ನಾನು ಮುಚ್ಚಿ ಬಂದೆ.

ಆಫೀಸಿಗೆ ಬಂದರೆ ದಾನಿಷ್ ಕುಳಿತಿದ್ದ. ಬಟನ್ ಹೇಗೆ ನಡೆಯುತ್ತಿವೆ ನೋಡಲು ಬಂದಿದ್ದನಂತೆ. ಮಸ್ಕಿಯಲ್ಲಿ ಬಸ್ ಕೆಟ್ಟು ಹೈರಾಣಾದ ಕಥೆಯನ್ನು ಅಂಬಿಕಾಳಿಗೆ ಹೇಳುತ್ತಿದ್ದ. ಜಂಬಮ್ಮನ ಸುದ್ದಿಯನ್ನು ಅವಳಿಂದ ಕೇಳಿ 'ಸರದಿ ಹಾಕು' ಒತ್ತಿದ. ತೆರೆಯ ಮೇಲೆ ನಾಳೆಯ ಪಟ್ಟಿ ಬಂತು. ಮೊದಲು ವಿರೂಪಾಕ್ಷಪ್ಪನ ಹೊಲ, ಆಮೇಲೆ ಜಂಬಮ್ಮನದು. ಕಾರಣವನ್ನೂ ಬರೆದಿತ್ತು: ಎರಡೂ ಬೆಳೆ ಮಾಗಿವೆ, ಮಳೆ ಹತ್ತಿರವಿದೆ, ಒಳಹೊಲಕ್ಕೆ ಬೇರೆ ದಾರಿಯಿಲ್ಲ.

"ಇದನ್ನ ಹೇಳಾಕ ಎಐ ಬೇಕೇನ್ಲೇ? ಅಲ್ಲಿಯ ಎಮ್ಮಿನೂ ಹೇಳ್ತೈತಿ," ಎಂದೆ.

"ಒಪ್ಪಿಗೀ ಕೇಳೂದು ಐತಲ್ಲ ಅಣ್ಣಾ."

"ಅವ ನನ್ನ ಮಾತ ಕೇಳಿಲ್ಲ. ನಿನ್ನ ಬಟನ್ ಮಾತ ಕೇಳ್ತಾನ? ಒತ್ತು, ಒತ್ತು. ನಿನ್ನ ಸಮಾಧಾನಕ್ಕ ಒತ್ತು."

ದಾನಿಷ್ ಒತ್ತಿದ. ನಾಳೆ ಬೆಳಗ್ಗೆ ನಿಮ್ಮ ಹೊಲಕ್ಕೆ ಮಷಿನ್ ಬರಬಹುದೇ, ಅದು ಮುಗಿದ ಮೇಲೆ ಅದೇ ದಾರಿಯಿಂದ ಒಳಹೊಲಕ್ಕೆ ಹೋಗುತ್ತದೆ, ಒಪ್ಪಿಗೆ ಇದ್ದರೆ ಹಸಿರು ಗುರುತು ಒತ್ತಿ ಎಂದು ಸಂದೇಶ ಹೋಯಿತು. ನಾನು ಡ್ರೈವರನಿಗೆ ಬೇರೆ ಊರು ತೋರಿಸಲು ಫೋನ್ ತೆಗೆದೆ. ಅಷ್ಟರಲ್ಲಿ ಅಂಬಿಕಾ, "ಅಣ್ಣ, ಬಂತ್ರಿ," ಎಂದಳು.

ತೆರೆಯ ಮೇಲೆ ಹಸಿರು ಅಕ್ಷರದಲ್ಲಿತ್ತು: ವಿರೂಪಾಕ್ಷಪ್ಪ, ಒಪ್ಪಿಗೆ.

"ನೋಡಿದಿ?" ಎಂದ ದಾನಿಷ್.

"ಏನ್ ನೋಡ್ತಿ? ಹೋಟೆಲ್‌ನ್ಯಾಗ ಝಾಡಿಸಿ ಬಂದೀನಿ, ಅದು ಮನಿ ಮುಟ್ಟಿದ ಮ್ಯಾಲ ಹತ್ತೇತಿ. ಹೆಸರು ಮಾತ್ರ ನಿನ್ನ ಬಟನ್‌ದು," ಎಂದೆ. ಅವನಿಗೆ ಚಹಾ ತರಿಸಿದೆ. ಖುಷಿಯಲ್ಲಿದ್ದೆ.

ಮರುದಿನ ಬೆಳಗ್ಗೆ ಮಷಿನ್ ಹಿಂದೆ ನಾನೂ ಹೋದೆ. ಮೋಡ ಕವಿದಿತ್ತು. ವಿರೂಪಾಕ್ಷಪ್ಪನ ಹೊಲದ ಮೂಲೆಗಳನ್ನು ಯಾರೋ ಆಗಲೇ ಕುಡುಗೋಲಿನಿಂದ ಕೊಯ್ದು ಸೂಡು ಕಟ್ಟಿ ಬದುವಿಗೆ ಹಾಕಿದ್ದರು. ಮಷಿನ್ ಮೂಲೆಯಲ್ಲಿ ಸರಿಯಾಗಿ ತಿರುಗುವುದಿಲ್ಲ, ತಿರುಗುವಾಗ ತೆನೆ ತುಳಿಯುತ್ತದೆ. ಅದಕ್ಕೆ ಮೂಲೆಗಳನ್ನು ಮೊದಲೇ ಕೈಯಿಂದ ಕೊಯ್ದಿಡಬೇಕು. ಎಷ್ಟು ಸಲ ಹೇಳಿದರೂ ಯಾರೂ ಮಾಡುವುದಿಲ್ಲ. ಇಲ್ಲಿ ನಾಲ್ಕೂ ಮೂಲೆ ಆಗಿದ್ದವು. ನಾಲ್ಕನೆಯದರಲ್ಲಿ ಯಮನಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಕೊನೆಯ ಸೂಡು ಕಟ್ಟುತ್ತಿದ್ದಳು.

"ಯಜಮಾನ್ರು ಎಲ್ಲಿ ಅದಾರವ್ವ?"

"ಮಸ್ಕಿಗಿ ಹೋಗ್ಯಾರ್ರಿ. ಅಕ್ಕನ ಮಗಳ ನಿಶ್ಚಯ ಐತಿ. ನಿನ್ನಿ ಸಂಜಿ ಬಸ್ಸಿಗೇ ಹೋದ್ರು."

"ಮಷಿನ್ ಬರೂದು ಗೊತ್ತೈತಿಲ್ಲ ಅವಂಗ?"

"ಇಲ್ರಿ."

"ಮತ್ತ ಒಪ್ಪಿಗಿ ಯಾರು ಕೊಟ್ರು?"

"ನಾ ಕೊಟ್ಟೆ. ಫೋನಿನ್ಯಾಗ ಕೇಳಿದ್ರಲ್ರಿ ನೀವು, ಮಷಿನ್ ಬರಬಹುದೇನು ಅಂತ. ಬರ್ಲಿ ಅಂತ ಒತ್ತಿದೆ."

ಆಗ ತಿಳಿಯಿತು. ವಿರೂಪಾಕ್ಷಪ್ಪನದು ಬಟನ್ ಫೋನ್, ಅದರಲ್ಲಿ ವಾಟ್ಸಾಪ್ ಇಲ್ಲ. ಅಂಬಿಕಾ ವಾಟ್ಸಾಪ್ ನಂಬರ್ ಕೇಳಿದಾಗ ಅವನು ಮನೆಯ ದೊಡ್ಡ ಫೋನಿನ ನಂಬರ್ ಬರೆಸಿದ್ದಾನೆ. ಆ ಫೋನ್ ಯಮನಮ್ಮನದು, ಮಹಿಳಾ ಸಂಘದ ಲೆಕ್ಕಕ್ಕೆ ಕೊಂಡದ್ದು. ಇಷ್ಟು ವರ್ಷ ಆ ಮನೆಗೆ ನಾನು ಫೋನ್ ಮಾಡಿದರೆ ಮೊದಲ ಮಾತು, ಯಜಮಾನ್ರಿಗಿ ಕೊಡವ್ವ. ನಾನಷ್ಟೇ ಅಲ್ಲ, ಈ ಸೀಮೆಯ ಯಾವ ಏಜೆಂಟನೂ ಅಷ್ಟೇ. ಗಂಡ ಊರಲ್ಲಿರುವಾಗ ಹೊಲದ ಮಾತನ್ನು ಹೆಂಡತಿಯನ್ನು ಕೇಳುವ ಪದ್ಧತಿ ಇಲ್ಲ. ಬಟನ್‌ಗೆ ಅದು ಗೊತ್ತಿಲ್ಲ. ಫೋನ್ ಯಾರ ಕೈಯಲ್ಲಿತ್ತೋ ಅವರನ್ನು ಕೇಳಿದೆ.

"ನಿನ್ನ ಕೇಳಿದ್ದಲ್ಲವ್ವ ಅದು," ಎಂದೆ.

"ಮತ್ತ ಯಾರ್ನ ಕೇಳಿದ್ರಿ? ನನ್ನ ಫೋನು, ನನ್ನ ಕೈಯಾಗಿತ್ತು. ಸಸಿ ಬಲಿತು ಬಿರುಸಾದ್ರೂ ಹಚ್ಚಿದಾಕಿ ನಾನು. ಕಳೇವು ತಗದಾಕಿ ನಾನು. ಹಣ್ಣಾಗ್ಯಾವೋ ಇಲ್ಲೋ ಯಾರ್ನ ಕೇಳಬೇಕ್ರಿ?"

"ಅವ ಬಂದ್ರ ಏನಂತಾನ?"

"ಏನೂ ಅನ್ನಂಗಿಲ್ಲ. ಅದಾ ತ್ರಾಸು." ಅವಳು ಕುಡುಗೋಲನ್ನು ಬದುವಿನ ಹುಲ್ಲಿಗೆ ಒರೆಸಿದಳು. "ನಿಲ್ಲಸ್ತೀರೋ, ಕೊಯ್ತೀರೋ? ಮೋಡ ನೋಡ್ರಿ ಮ್ಯಾಲ."

ಜಂಬಮ್ಮ ಆಚೆಯ ಬದುವಿನ ಮೇಲೆ ನಿಂತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸುತ್ತಿತ್ತು. ಅವಳ ಹಿಂದೆ ಭತ್ತ ಒಂದು ಕಡೆ ಆಗಲೇ ಒರಗಿತ್ತು.

ನಿಲ್ಲಿಸಬಹುದಿತ್ತು. ಯಜಮಾನ ಇಲ್ಲದಾಗ ಮಷಿನ್ ಇಳಿಸಿದರೆ ನಾಳೆ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ನಿಲ್ಲಿಸಿದರೆ ಎರಡು ಹೊಲ ನೀರಿಗೆ ಹೋಗುತ್ತವೆ. ಹೆಚ್ಚು ಹೊತ್ತು ವಿಚಾರ ಮಾಡುವ ಸ್ವಭಾವ ನನ್ನದಲ್ಲ. ಡ್ರೈವರನ ಕಡೆ ತಿರುಗಿ, "ಚಲಾವ್," ಎಂದೆ.

ವಿರೂಪಾಕ್ಷಪ್ಪನ ಹೊಲ ಮುಗಿದು ಟ್ರ್ಯಾಲಿಗೆ ಭತ್ತ ಸುರಿದಾಗ ಯಮನಮ್ಮ ಒಂದು ಹಿಡಿ ತೆಗೆದು ಎರಡು ಕಾಳು ಹಲ್ಲಿನಿಂದ ಕಡಿದು ನೋಡಿ, ಉಳಿದದ್ದನ್ನು ಮತ್ತೆ ಟ್ರ್ಯಾಲಿಗೆ ಹಾಕಿದಳು. ಮಷಿನ್ ಬದು ದಾಟಿ ಒಳಹೊಲಕ್ಕೆ ಹೋಯಿತು. ನಾನು ಸಿಂಧನೂರಿಗೆ ಬಂದೆ.

ನಾನು ಆಫೀಸು ಮುಟ್ಟುವ ಮೊದಲೇ ಸುದ್ದಿ ಮಸ್ಕಿ ಮುಟ್ಟಿತ್ತು. ವಿರೂಪಾಕ್ಷಪ್ಪ ಬೀಗರ ಫೋನಿನಿಂದ ನಮ್ಮ ಪೇಜಿನ ನಂಬರಿಗೆ ಮಾತಾಡಿ ಕಳಿಸಿದ್ದ. ಅಂಬಿಕಾ ಕೇಳಿಸಿದಳು. ಹಿಂದೆ ನಿಶ್ಚಯದ ಮನೆಯ ಗದ್ದಲ, ಹಲಗೆ ಬಾರಿಸುವ ಸಪ್ಪಳ. "ನನ್ನ ಹೊಲಕ್ಕ ಮಷಿನ್ ಯಾರ ಹೂಂ ತಗೊಂಡು ಇಳಿಸಿದ್ರಿ? ಬಂದು ಕೇಳ್ತೀನಿ. ಹೆಸರು ಬೇಕು ನನಗ."

ಅವನ ಬಾಯಿಂದ ಅಷ್ಟು ಉದ್ದದ ಮಾತನ್ನು ನಾನು ಕೇಳಿದ್ದು ಬಹಳ ದಿನಗಳ ಮೇಲೆ.

ಅಂಬಿಕಾ ದನಿ ಗುರುತಿಸಿ, ಅವನ ಬುಕಿಂಗ್ ತೆರೆದು, ರೂಢಿಯಂತೆ 'ಉತ್ತರ ಬರೆ' ಒತ್ತಿದ್ದಳು. ಬಟನ್ ಬರೆದಿಟ್ಟಿತ್ತು. ನಮಸ್ಕಾರ ವಿರೂಪಾಕ್ಷಪ್ಪನವರೇ, ನಿಮಗಾದ ಬೇಸರಕ್ಕೆ ವಿಷಾದಿಸುತ್ತೇವೆ. ನಿಮ್ಮ ನೋಂದಾಯಿತ ನಂಬರಿನಿಂದ ನಿನ್ನೆ ಸಂಜೆ ಒಪ್ಪಿಗೆ ಬಂದಿರುವುದನ್ನು ತಮ್ಮ ಗಮನಕ್ಕೆ ತರುತ್ತೇವೆ. ಕೆಳಗೆ ಯಮನಮ್ಮನ ಫೋನ್ ನಂಬರ್ ಪೂರ್ತಿ ಇತ್ತು. ಒಂದು ಅಕ್ಷರ ಸುಳ್ಳಿಲ್ಲ. ಒಂದು ಮಾತು ಒರಟಿಲ್ಲ.

"ಕಳಸ್ಲೇನ್ರಿ?" ಎಂದಳು ಅಂಬಿಕಾ.

"ಕಳಸಿದ್ರ ನಿನ್ನ ಕೈ ಮುರೀತೀನಿ. ಅಳಸು."

"ಮತ್ತ ಏನ್ ಬರೀಲಿ?"

"ಏನೂ ಬರೀಬ್ಯಾಡ. ಅವ ಬರ್ತಾನ."

ಬಂದ. ಮಸ್ಕಿಯ ಬಸ್ಸಿಳಿದು ನೇರ ಆಫೀಸಿಗೇ ಬಂದ. ನಿಶ್ಚಯಕ್ಕೆ ತೊಟ್ಟ ಬಿಳಿ ಅಂಗಿಯ ಮೇಲೆ ಮಳೆಯ ದೊಡ್ಡ ದೊಡ್ಡ ಹನಿ ಬಿದ್ದಿದ್ದವು. ಹೊರಗೆ ಆಗ ಶುರುವಾಗಿತ್ತು. ಕುಳಿತುಕೊಳ್ಳಲಿಲ್ಲ.

"ಯಾರು ಹೂಂ ಅಂದ್ರು?"

"ಯಾರೂ ಅಂದಿಲ್ಲ. ನಾ ಇಳಿಸೀನಿ."

"ನನ್ನ ಕೇಳದ?"

"ಹೋಟೆಲ್‌ನ್ಯಾಗ ಕೇಳಿದ್ನಲ್ಲ. ನೀ ಎದ್ದು ಹೋದಿ. ನಾ ಜಬರ್ದಸ್ತಿ ಇಳಿಸಿದೆ. ಏನ್ ಮಾಡ್ಕೊಂತಿ ಮಾಡ್ಕೊ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಅಂಬಿಕಾಳ ಕಡೆ, ಕಂಪ್ಯೂಟರ್ ಕಡೆ ನೋಡಿದ. ಅಂಬಿಕಾ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದಳು. "ಇನ್ನ ಮ್ಯಾಲ ನಿನ್ನ ಮಷಿನ್ ನನ್ನ ಹೊಲ ತುಳಿಯಂಗಿಲ್ಲ," ಎಂದು ಹೇಳಿ ಮಳೆಯಲ್ಲೇ ಹೋದ. ಅದು ಅವನು ನನ್ನ ಜೊತೆ ಆಡಿದ ಕೊನೆಯ ಮಾತು.

ಮಳೆ ಎರಡು ದಿನ ಬಿಡಲಿಲ್ಲ. ಜಂಬಮ್ಮನ ಭತ್ತ ಅಷ್ಟರಲ್ಲಿ ತಾಡಪತ್ರಿಯ ಕೆಳಗಿತ್ತು. ಆ ಕಾಲುವೆಯ ಮೇಲೆ ಕೊಯ್ಯದೆ ಉಳಿದ ಹೊಲಗಳು ಚಾಪೆ ಹಾಸಿದಂತೆ ಮಲಗಿದವು.

ಕರಿಬಸಪ್ಪ ಜಬರ್ದಸ್ತಿಯಿಂದ ಹೊಲ ಕೊಯ್ಯಿಸುತ್ತಾನೆ ಎಂಬ ಮಾತು ಊರೂರು ತಿರುಗಿತು. ಕೆಲವರು ಬುಕಿಂಗ್ ತೆಗೆಸಿದರು. ಶಾವಲಿಯ ಹೋಟೆಲಿನಲ್ಲಿ ವಿರೂಪಾಕ್ಷಪ್ಪ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಮಾತು ಕಡಿಮೆಯವನು, ಇದನ್ನು ಮಾತ್ರ ಬಿಡದೆ ಹೇಳಿದ. ಹೇಳಲಿ ಎಂದುಕೊಂಡೆ. ಆ ಮಾತನ್ನು ಅವನ ಬಾಯಿಗೆ ಕೊಟ್ಟವನು ನಾನೇ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಜಂಬಮ್ಮ, ಯಮನಮ್ಮ ಇಬ್ಬರೂ ಸಂತೆಯ ಚೀಲ ಹಿಡಿದು ಆಫೀಸಿಗೆ ಬಂದರು. ಯಮನಮ್ಮ ನಮ್ಮ ಬಾಗಿಲು ತುಳಿದದ್ದು ಅದೇ ಮೊದಲು. ಸಂಘದವರ ಬೇಸಿಗೆ ಬೆಳೆಗೆ ಮಷಿನ್ ಹೇಳಬೇಕಿತ್ತಂತೆ.

"ನಿನ್ನ ಗಂಡ ನನ್ನ ಮಷಿನ್ ಬ್ಯಾಡ ಅಂದಾನಲ್ಲವ್ವ," ಎಂದೆ.

"ಇದು ಸಂಘದವ್ರು ಕೋರಿಗಿ, ಪಾಲಿಗಿ ಹಿಡದ ಹೊಲ. ಬ್ಯಾರೇರಿ."

"ಮನಿಯಾಗ ಹೆಂಗೈತಿ?"

"ಹೆಂಗೈತ್ರಿ, ಹಂಗಾ ಐತಿ."

ಸ್ವಲ್ಪ ದನಿ ತಗ್ಗಿಸಿ ಹೇಳಿದೆ. "ನಿನ್ನ ಹೆಸರು ನಾ ಎಲ್ಲೂ ಬಿಟ್ಟಿಲ್ಲ. ಬಿಡಂಗಿಲ್ಲ."

ಯಮನಮ್ಮ ಜಂಬಮ್ಮನ ಮುಖ ನೋಡಿದಳು. ಜಂಬಮ್ಮನಿಗೆ ನಗು ತಡೆಯಲಾಗಲಿಲ್ಲ.

"ನಾ ಅವತ್ತಾ ಹೇಳೀನ್ರಿ ಅವ್ರಿಗಿ," ಎಂದಳು ಯಮನಮ್ಮ. "ಮಳ್ಯಾಗ ತೊಯ್ಸ್ಕೊಂಡು ಬಂದ್ರು. ಟವಲ್ ಕೊಟ್ಟು, ನಾನಾ ಒತ್ತೀನಿ ಅಂದೆ. ಫೋನ್ ತೋರಿಸ್ದೆ."

"ಮತ್ತ?"

"ಮತ್ತೇನ್ರಿ. ತಲಿ ಒರಸ್ಕೊಂಡು, ಕರಿಬಸ್ಯಾ ಜಬರ್ದಸ್ತಿ ಮಾಡ್ಯಾನ ಅಂದ್ರು. ಅಲ್ರಿ ನಾನು ಅಂದೆ. ಕರಿಬಸ್ಯಾ ಅಂದ್ರು. ಊಟಕ್ಕ ನೀಡು ಅಂದ್ರು. ಈಗ ನಿಮ್ಮ ಹೆಸರಾ ಹೇಳ್ಕೊಂತ ತಿರಗ್ತಾರ."

"ಹೆಂಡ್ತಿ ಒತ್ತ್ಯಾಳ ಅನ್ನೂದಕ್ಕಿಂತ ನಿನ್ನ ಕೈಯಾಗ ಸೋತೀನಿ ಅನ್ನೂದು ಹಗರ ಅಂತಣ್ಣ ಅವಂಗ," ಎಂದಳು ಜಂಬಮ್ಮ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳುವುದು ಕಷ್ಟ. ಬುಕಿಂಗ್ ಕಳೆದುಕೊಂಡವನು ನಾನು. ಸುಳ್ಳು ನನ್ನದು, ಅದನ್ನು ಬಳಸಿಕೊಂಡವನು ಅವನು, ಬೇಕೆಂದು ಯಾರೂ ಕೇಳಿರಲಿಲ್ಲ. ಅಂಬಿಕಾಳಿಗೆ ಚಹಾ ಹೇಳು ಎಂದೆ, ಅಷ್ಟೇ.

ಮುಂದಿನ ವಾರ ದಾನಿಷ್ ಬಂದ. ಪೇಜಿನ ತಪ್ಪುಗಳನ್ನು ತಿದ್ದುವುದಿತ್ತು. ವಿರೂಪಾಕ್ಷಪ್ಪನ ಸಾಲಿಗೆ ಬಂದು ನಿಂತ.

"ಅಣ್ಣಾ, ಇಲ್ಲಿ ಹೆಸರೊಂದು, ನಂಬರೊಂದು ಆಗೇತಿ. ಯಜಮಾನ್ರ ನಂಬರ್ ಹಾಕ್ಲೇನು?"

"ಬ್ಯಾಡ. ನಂಬರ್ ಇರ್ಲಿ. ಹೆಸರು ತಗಿ."

"ಯಾರ ಹೆಸರು ಹಾಕ್ಲಿ?"

"ಫೋನ್ ಯಾರದ್ದೋ ಅವರದ್ದು."

ದಾನಿಷ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓಡಿಸಿದ. "ಹಂಗಾದ್ರ ಬಾಳ ಹೆಸರು ಬದ್ಲಿ ಆಗ್ತಾವ ಅಣ್ಣಾ. ಏಜೆಂಟ್ ಹುಚ್ಚ ಆಗ್ಯಾನ ಅಂತಾರ ಮಂದಿ."

"ಈಗೇನ್ ಶಾಣ್ಯಾ ಅನ್ನಾಕತ್ತಾರೇನು? ಬರಿ."

ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡ.